ಹಳೇ ಗಾಡಿಯ ಹಳದಿ ಲೈಟು: ಆರಿಸುವ ಮೊದಲು ಓದಿ

(ಮೈಸೂರಿನ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು ಇದು. ಅವತ್ತು ಬರಲಾಗದವರು ಕೇಳಿದ್ದರಿಂದ ಬರಹಕ್ಕೆ ಇಳಿಸಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಗ್ಯಾರೇಜಿಗೆ ಬರುವವರಲ್ಲಿ ಈಗ ಹಳೇ ಗಾಡಿಯನ್ನು ಹೊಸದಾಗಿ ಕೊಂಡವರೇ ಜಾಸ್ತಿ. ತಗೊಂಡು ವಾರ ಆಗಿರುತ್ತದೆ, ಪೂಜೆ ಮಾಡಿಸಿದ ಕುಂಕುಮ ಬಾನೆಟ್ ಮೇಲೆ ಇನ್ನೂ ಇರುತ್ತದೆ, ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ಲೈಟು ಹತ್ತಿಕೊಂಡಿರುತ್ತದೆ. ಬಂದವರು ಕೇಳುವುದು ಒಂದೇ, "ಇದನ್ನ ಆರಿಸಿ ಕೊಡ್ತೀರಾ?"

ಆರಿಸೋದು ಸುಲಭ. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿ ಒಂದು ಬಟನ್ ಒತ್ತಿದರೆ ಮುಗೀತು. ಆದರೆ ಹಾಗೆ ಆರಿಸಲು ಯಾರಿಗೂ ಬಿಡಬೇಡಿ. ಆ ಲೈಟಿನ ಹಿಂದೆ ಎರಡು ವಿಷಯ ಇರುತ್ತವೆ. ಗಾಡಿಗೆ ಏನಾಗಿದೆ ಅನ್ನೋದು ಒಂದು, ಮಾರಿದವರು ನಿಮಗೆ ಏನು ಹೇಳಲಿಲ್ಲ ಅನ್ನೋದು ಇನ್ನೊಂದು. ಲೈಟು ಆರಿಸೋದು ಅಂದರೆ ಗಾಡಿಯ ಕಂಪ್ಯೂಟರ್ ಬರೆದಿಟ್ಟ ತೊಂದರೆಯ ಸಂಖ್ಯೆಯನ್ನು, ಅಂದರೆ ಕೋಡನ್ನು ಅಳಿಸೋದು. ಅದು ಅಳಿಸಿದರೆ ಎರಡೂ ಕೈತಪ್ಪಿ ಹೋಗುತ್ತವೆ. ಮಹಜರು ಮಾಡುವ ಮೊದಲೇ ಜಾಗ ಗುಡಿಸಿ ಸಾರಿಸಿದ ಹಾಗೆ ಅದು.

ಮೊದಲು ಬಣ್ಣದ ಮಾತು ಬೇಗ ಮುಗಿಸಿಬಿಡೋಣ. ಕೆಂಪು ಅಂದರೆ ನಿಲ್ಲಿಸಿ. ಹಳದಿ ಅಂದರೆ ಓಡಿಸಬಹುದು, ಆದರೆ ಬೇಗ ತೋರಿಸಿ. ಹಸಿರು, ನೀಲಿ ಬರೀ ಮಾಹಿತಿ. ಕೆಂಪಿನಲ್ಲಿ ಮೂರನ್ನು ಮಾತ್ರ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಎಣ್ಣೆ ಡಬ್ಬದ ಚಿತ್ರ ಬಂದರೆ ಆಯಿಲ್ ಪ್ರೆಷರ್ ಇಲ್ಲ ಅಂತ. ಅಲ್ಲೇ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಆಯಿಲ್ ಮಟ್ಟ ಅಳೆಯುವ ಡಿಪ್‌ಸ್ಟಿಕ್ ತೆಗೆದು ನೋಡಿ. ಆಯಿಲ್ ಕಮ್ಮಿ ಇದ್ದರೆ ತುಂಬಿಸಿ ನೋಡಬಹುದು. ಲೆವೆಲ್ ಸರಿಯಾಗೇ ಇದ್ದೂ ಲೈಟು ಬಂದಿದೆ ಅಂದರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಟೋಯಿಂಗ್ ಗಾಡಿ ಕರೆಸಿ. "ಇಲ್ಲೇ ಮುಂದೆ ಗ್ಯಾರೇಜ್ ಇದೆ, ಎರಡೇ ಕಿಲೋಮೀಟರ್" ಅಂತ ಹೋದವರ ಎಂಜಿನ್ ಸೀಜ್ ಆಗಿದ್ದನ್ನು ನಾನು ಬಿಚ್ಚಿ ನೋಡಿದ್ದೇನೆ. ಥರ್ಮಾಮೀಟರ್ ಚಿತ್ರ ಬಂದರೆ ಹೀಟ್ ಆಗಿದೆ ಅಂತ. ಆಗಲೂ ನಿಲ್ಲಿಸಿ, ಬಿಸಿ ಇರುವಾಗ ಮಾತ್ರ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ, ಕುದಿಯುವ ನೀರು ಮುಖಕ್ಕೆ ಹೊಡೆಯುತ್ತದೆ. ಮೂರನೆಯದು ಬ್ರೇಕ್ ಲೈಟು. ಹ್ಯಾಂಡ್ ಬ್ರೇಕ್ ಇಳಿಸಿದ ಮೇಲೂ ಆರದಿದ್ದರೆ ಬ್ರೇಕ್ ಆಯಿಲ್ ಕಮ್ಮಿಯಾಗಿರಬಹುದು. ಸುಮ್ನೆ ಆಯಿಲ್ ತುಂಬಿಸಿ ಹೋಗಬೇಡಿ, ಪ್ಯಾಡ್ ಸವೆದಾಗಲೂ ಲೆವೆಲ್ ಇಳಿಯುತ್ತದೆ, ಎಲ್ಲೋ ಸೋರುತ್ತಿದ್ದರೂ ಇಳಿಯುತ್ತದೆ. ಚಕ್ರ ಬಿಚ್ಚಿಸಿ ನೋಡಿ.

ಈಗ ನಿಧಾನವಾಗಿ ನೋಡಬೇಕಾದದ್ದಕ್ಕೆ ಬರ್ತೀನಿ. ಲೈಟು ಬರುವುದಕ್ಕಿಂತ ಲೈಟು ಬಾರದಿರುವುದು ಹೆಚ್ಚು ಅನುಮಾನದ ವಿಷಯ. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಬಟನ್ ಸ್ಟಾರ್ಟ್ ಗಾಡಿಯಾದರೆ ಕ್ಲಚ್, ಬ್ರೇಕ್ ಯಾವುದನ್ನೂ ಒತ್ತದೆ ಬಟನ್ ಎರಡು ಸಲ ಒತ್ತಿ. ಈಗ ಮೀಟರ್ ಬೋರ್ಡ್ ನೋಡಿ. ಎಂಜಿನ್ ಲೈಟು, ಎಬಿಎಸ್, ಏರ್‌ಬ್ಯಾಗ್, ಆಯಿಲ್, ಬ್ಯಾಟರಿ ಎಲ್ಲ ಹತ್ತಬೇಕು. ಎಂಜಿನ್ ಲೈಟು ಹತ್ತಲೇ ಇಲ್ಲ ಅಂದರೆ ಗಾಡಿ ಚೆನ್ನಾಗಿದೆ ಅಂತಲ್ಲ. ಯಾರೋ ಬಲ್ಬ್ ಕಿತ್ತಿರಬಹುದು, ಮೀಟರ್ ಬಿಚ್ಚಿ ಹಿಂದಿನಿಂದ ಕಪ್ಪು ಟೇಪ್ ಅಂಟಿಸಿರಬಹುದು.

ಏರ್‌ಬ್ಯಾಗ್ ಲೈಟಿನ ಆಟ ಇನ್ನೂ ಸೂಕ್ಷ್ಮ. ಏರ್‌ಬ್ಯಾಗ್ ಕೆಟ್ಟ ಗಾಡಿಯಲ್ಲಿ ಆ ಲೈಟಿನ ವೈರನ್ನು ಆಯಿಲ್ ಲೈಟಿನ ವೈರಿಗೆ ಸೇರಿಸಿಬಿಡುತ್ತಾರೆ. ಆಗ ಕೀ ಹಾಕಿದಾಗ ಹತ್ತುತ್ತದೆ, ಎಂಜಿನ್ ಸ್ಟಾರ್ಟ್ ಆದ ತಕ್ಷಣ ಆರುತ್ತದೆ, ನೋಡಿದವರಿಗೆ ಎಲ್ಲ ಸರಿ ಇದೆ ಅನ್ನಿಸುತ್ತದೆ. ಇದನ್ನು ಹಿಡಿಯೋದು ಹೇಗೆ ಅಂದರೆ, ಕೀ ಆನ್ ಮಾಡಿ ಸ್ಟಾರ್ಟ್ ಮಾಡದೆ ಹಾಗೇ ಕೂತಿರಿ. ಆಯಿಲ್, ಬ್ಯಾಟರಿ ಲೈಟು ಎಂಜಿನ್ ಸ್ಟಾರ್ಟ್ ಆಗುವ ತನಕ ಉರಿಯುತ್ತಲೇ ಇರುತ್ತವೆ, ಅದು ಸರಿ. ಆದರೆ ಏರ್‌ಬ್ಯಾಗ್ ಲೈಟು ತನ್ನ ಪರೀಕ್ಷೆ ಮುಗಿಸಿ ಐದಾರು ಸೆಕೆಂಡಿನಲ್ಲಿ ತಾನಾಗಿಯೇ ಆರಬೇಕು. ಆರದೆ, ಸ್ಟಾರ್ಟ್ ಮಾಡಿದಾಗ ಆಯಿಲ್ ಲೈಟಿನ ಜೊತೆಗೇ ಆರಿದರೆ ಅಲ್ಲಿ ಯಾರೋ ಕೈ ಆಡಿಸಿದ್ದಾರೆ. ಅಂಥ ಗಾಡಿಯಲ್ಲಿ ಅಪಘಾತ ಆದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತದೆ ಅಂತ ನಂಬೋದಕ್ಕೆ ಆಗಲ್ಲ. ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿ ಅದು. ಇಷ್ಟು ದೊಡ್ಡ ಅನ್ಯಾಯ ಒಂದು ತುಂಡು ವೈರಿನಲ್ಲಿ ಮುಗಿದುಹೋಗುತ್ತದೆ ಅಂದರೆ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ.

ಇನ್ನು ಎಂಜಿನ್ ಲೈಟು. ಅದು ಸುಮ್ಮನೆ ಹತ್ತಿಕೊಂಡಿದೆಯಾ, ಮಿಣಕ್ ಮಿಣಕ್ ಅನ್ನುತ್ತಿದೆಯಾ ನೋಡಿ. ಹತ್ತಿಕೊಂಡಿದ್ದು ಗಾಡಿ ಮಾಮೂಲಾಗಿ ಓಡುತ್ತಿದ್ದರೆ ಗಾಬರಿ ಬೇಡ, ನಿಧಾನವಾಗಿ ಮನೆಗೆ ಬನ್ನಿ. ಮಿಣುಕುತ್ತಿದ್ದರೆ ಬೇರೆ ಮಾತು. ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿದೆ ಅಂತ ಅರ್ಥ. ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹಾಗೇ ಸೈಲೆನ್ಸರ್ ಕಡೆ ಹೋಗುತ್ತದೆ, ದಾರಿಯಲ್ಲಿರುವ, ಹೊಗೆಯ ವಿಷ ಕಮ್ಮಿ ಮಾಡುವ ಕೆಟಲಿಟಿಕ್ ಕನ್ವರ್ಟರ್ ಒಳಗೆ ಹೊತ್ತಿಕೊಂಡು ಅದನ್ನು ಕರಗಿಸಿಬಿಡುತ್ತದೆ. ಪ್ಲಗ್ ಬದಲಿಸಿದ್ದರೆ ಕೆಲವು ನೂರು ರೂಪಾಯಿಯಲ್ಲಿ ಹೋಗುತ್ತಿದ್ದದ್ದು ಹತ್ತಾರು ಸಾವಿರಕ್ಕೆ ಬಂದು ನಿಲ್ಲುತ್ತದೆ. ಹಾಗಾಗಿ ಮಿಣುಕಿದರೆ ಆಕ್ಸಿಲರೇಟರ್ ಮೇಲಿನ ಕಾಲು ತೆಗೆಯಿರಿ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ.

ಲೈಟು ಹತ್ತಿದೆ, ಈಗ ಓದುವುದು ಹೇಗೆ? ನಮ್ಮ ದೇಶದಲ್ಲಿ ಬಿಎಸ್-4 (ಹೊಗೆಗೆ ಸರ್ಕಾರ ಇಟ್ಟ ಮಿತಿಯ ಹೆಸರು) ಗಾಡಿಗಳಿಗೆ 2013ರ ಏಪ್ರಿಲ್‌ನಿಂದ ಒಬಿಡಿ-2, ಅಂದರೆ ಗಾಡಿ ತನ್ನ ತೊಂದರೆಯನ್ನು ತಾನೇ ಪತ್ತೆಹಚ್ಚಿ ಬರೆದಿಡುವ ವ್ಯವಸ್ಥೆ, ಕಡ್ಡಾಯವಾಯಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ಅದು ಇನ್ನೂ ಬಿಗಿಯಾಯಿತು. ಅಂದರೆ ನೀವೀಗ ಕೊಳ್ಳುವ ಬಹುತೇಕ ಹಳೇ ಗಾಡಿಗಳಲ್ಲಿ ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ, 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಹಾಕುವ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಆನ್‌ಲೈನಿನಲ್ಲೂ ಸಿಗುತ್ತದೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಸಿಗುತ್ತದೆ. ಸಾವಿರ ರೂಪಾಯಿ ಆಸುಪಾಸು. ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡರೆ ಸಾಕು. ಐಫೋನ್ ಇರುವವರು ತಮ್ಮ ಫೋನಿಗೆ ಹೊಂದುತ್ತದಾ ಅಂತ ಕೇಳಿಯೇ ತಗೊಳ್ಳಿ, ಎಲ್ಲವೂ ಹೊಂದುವುದಿಲ್ಲ.

ಮೊದಲು ಕೋಡ್ ಬರೆದುಕೊಳ್ಳಿ. ಪಿ0300 ಅಂದರೆ ಮಿಸ್ಸಿಂಗ್, ಪಿ0301 ಅಂದರೆ ಒಂದನೇ ಸಿಲಿಂಡರಿನ ಮಿಸ್ಸಿಂಗ್. ಪಿ0171 ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಪಿ0420 ಅಂದರೆ ಕನ್ವರ್ಟರ್ ತನ್ನ ಕೆಲಸ ಸರಿಯಾಗಿ ಮಾಡುತ್ತಿಲ್ಲ. ಕೋಡ್ ಹೇಳೋದು ಎಲ್ಲಿ ತೊಂದರೆ ಕಾಣಿಸಿಕೊಂಡಿತು ಅಂತ, ಯಾವ ಪಾರ್ಟ್ ಬದಲಿಸಬೇಕು ಅಂತಲ್ಲ. ಇದು ಗೊತ್ತಿಲ್ಲದೆ ಕೋಡಿನಲ್ಲಿ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಭಾಗ) ಹೆಸರು ಕಂಡ ತಕ್ಷಣ ಸೆನ್ಸರ್ ಬದಲಿಸಿ, ಲೈಟು ಮತ್ತೆ ಬಂದು, ಎರಡನೇ ಸಲ ದುಡ್ಡು ಕಳೆದುಕೊಂಡವರು ಬೇಕಾದಷ್ಟು ಜನ ಇದ್ದಾರೆ. ವೈರ್ ತುಂಡಾಗಿದ್ದರೂ ಅದೇ ಕೋಡ್ ಬರಬಹುದು.

ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಅಂತ ಇರುತ್ತದೆ. ತೊಂದರೆ ಕಂಡ ಆ ಕ್ಷಣದಲ್ಲಿ ಸ್ಪೀಡ್ ಎಷ್ಟಿತ್ತು, ಆರ್‌ಪಿಎಂ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿ ಇತ್ತು ಅಂತ ಕಂಪ್ಯೂಟರ್ ಬರೆದಿಟ್ಟುಕೊಂಡಿರುತ್ತದೆ. ಒಳ್ಳೇ ಮೆಕ್ಯಾನಿಕ್ ಕೈಗೆ ಇದು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಕೋಡ್ ಅಳಿಸಿದರೆ ಇದೂ ಅಳಿಸಿಹೋಗುತ್ತದೆ. ಬ್ಯಾಟರಿ ಟರ್ಮಿನಲ್ ಕಿತ್ತರೂ ಎಷ್ಟೋ ಗಾಡಿಗಳಲ್ಲಿ ಹೋಗುತ್ತದೆ. "ಬ್ಯಾಟರಿ ಒಂದ್ಸಲ ಬಿಚ್ಚಿ ಹಾಕಿ ಸರ್, ಸರಿಹೋಗುತ್ತೆ" ಅಂತ ಫೋನಿನಲ್ಲಿ ಹೇಳುವವರ ಮಾತು ಕೇಳಬೇಡಿ.

ಆಮೇಲೆ ಇನ್ನೊಂದು ಸಂಖ್ಯೆ ನೋಡಬೇಕು. ಕೊಂಡವರಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಅನ್ನೋದನ್ನು ಬಹಳಷ್ಟು ಗಾಡಿಗಳ ಕಂಪ್ಯೂಟರ್ ಲೆಕ್ಕ ಇಡುತ್ತದೆ. ಸಾಧಾರಣ ಆ್ಯಪ್‌ಗಳಲ್ಲೂ ಇದು ಕಾಣುತ್ತದೆ.

ಒಬ್ಬರು ಮೇಷ್ಟ್ರು ಬೆಂಗಳೂರಿನ ಬ್ರೋಕರ್ ಒಬ್ಬರಿಂದ ಪೆಟ್ರೋಲ್ ಗಾಡಿ ತಗೊಂಡಿದ್ದರು. ಮೂರನೇ ದಿನ ಲೈಟು ಬಂತು. ಬ್ರೋಕರಿಗೆ ಫೋನ್ ಮಾಡಿದರೆ, "ಸುಮ್ನೆ ಸೆನ್ಸರ್ ಅಷ್ಟೇ ಸರ್, ನಾವು ಕೊಡುವಾಗ ಏನೂ ಇರಲಿಲ್ಲ, ನೀವು ಎಲ್ಲೋ ಪೆಟ್ರೋಲ್ ಸರಿ ಇಲ್ಲದ್ದು ಹಾಕಿಸಿರಬೇಕು" ಅಂದರಂತೆ. ಗಾಡಿ ನಮ್ಮಲ್ಲಿಗೆ ಬಂತು. ಸ್ಕ್ಯಾನರ್ ಹಾಕಿದೆ. ಪಿ0420. ಕೋಡ್ ಅಳಿಸಿದ ಮೇಲೆ ಓಡಿದ್ದು 212 ಕಿಲೋಮೀಟರ್. ಬೆಂಗಳೂರಿನಿಂದ ಅವರ ಮನೆಗೆ 150, ಊರೊಳಗೆ ಓಡಾಡಿದ್ದು ಅರವತ್ತು ಚಿಲ್ಲರೆ. ಲೆಕ್ಕ ಹಾಕಿ ನೋಡಿ. ಗಾಡಿ ಅವರ ಕೈಗೆ ಕೊಟ್ಟ ದಿನವೇ ಯಾರೋ ಕೋಡ್ ಅಳಿಸಿದ್ದಾರೆ.

ಕನ್ವರ್ಟರ್ ನಿಜವಾಗಿ ಹೋಗಿದೆಯಾ ಅಂತ ನೋಡಲು ಎರಡು ಆಕ್ಸಿಜನ್ ಸೆನ್ಸರಿನ ಗ್ರಾಫ್ ಪಕ್ಕಪಕ್ಕ ಹಾಕಿದೆ. ಕನ್ವರ್ಟರಿನ ಮುಂದಿನ ಸೆನ್ಸರ್ ಮೇಲೆ ಕೆಳಗೆ ಕುಣಿಯುತ್ತಿರುತ್ತದೆ, ಹಿಂದಿನದು ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ ನಿಂತಿರಬೇಕು. ಅವರ ಗಾಡಿಯಲ್ಲಿ ಹಿಂದಿನದೂ ಮುಂದಿನದರ ಹಾಗೇ ಕುಣಿಯುತ್ತಿತ್ತು. ಸೈಲೆನ್ಸರ್ ಪೈಪಿನ ಜಾಯಿಂಟ್ ಎಲ್ಲ ನೋಡಿದೆ, ಲೀಕ್ ಇರಲಿಲ್ಲ. ಎಂಜಿನ್ ಕವರ್ ತೆಗೆದಾಗ ಕಾರಣ ಕಂಡಿತು. ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ನಾಲ್ಕು ಇಗ್ನಿಷನ್ ಕಾಯಿಲ್‌ಗಳಲ್ಲಿ ಮೂರು ಹಳೇವು, ಬಿಸಿಗೆ ಬಣ್ಣ ಹೋಗಿ ಬೂದುಬಣ್ಣಕ್ಕೆ ತಿರುಗಿದ್ದವು. ಒಂದು ಮಾತ್ರ ಪಳಪಳ ಹೊಸದು. ಅಂದರೆ ಹಿಂದಿನ ಓನರ್ ಆ ಸಿಲಿಂಡರಿನ ಮಿಸ್ಸಿಂಗ್ ಇಟ್ಟುಕೊಂಡೇ ತುಂಬಾ ಓಡಿಸಿದ್ದಾರೆ, ಕನ್ವರ್ಟರ್ ಸುಟ್ಟಿದೆ, ಆಮೇಲೆ ಕಾಯಿಲ್ ಒಂದನ್ನು ಬದಲಿಸಿ ಮಾರಿದ್ದಾರೆ. ಇದನ್ನೆಲ್ಲ ಫೋಟೋ ತೆಗೆದು, ಸ್ಕ್ಯಾನರಿನ ಸ್ಕ್ರೀನ್‌ಶಾಟ್ ಸೇರಿಸಿ ಮೇಷ್ಟ್ರು ಬ್ರೋಕರಿಗೆ ಕಳಿಸಿದರು. ಮೊದಲು ಜೋರಾಗಿ ಮಾತಾಡಿದವರು ಎರಡು ದಿನ ಬಿಟ್ಟು ಕನ್ವರ್ಟರಿನ ಖರ್ಚಿನಲ್ಲಿ ಅರ್ಧ ಕೊಡಲು ಒಪ್ಪಿದರು. ಮೇಷ್ಟ್ರು ಬರುವ ದಾರಿಯಲ್ಲಿ ಯಾರ ಹತ್ತಿರವಾದರೂ ಲೈಟು ಆರಿಸಿಕೊಂಡು ಬಂದಿದ್ದರೆ ಆ 212 ಸೊನ್ನೆಯಾಗಿರುತ್ತಿತ್ತು. ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಕೊಳ್ಳುವ ಮೊದಲೇ ಇದನ್ನು ನೋಡೋಕೆ ಆಗುತ್ತದಾ? ಖಂಡಿತ ಆಗುತ್ತದೆ. ನೋಡಲೇಬೇಕು ಅಂತೀನಿ ನಾನು. ಆ್ಯಪಿನಲ್ಲಿ ರೆಡಿನೆಸ್ ಅಂತ ಒಂದು ಪುಟ ಇರುತ್ತದೆ. ಗಾಡಿ ತನ್ನನ್ನು ತಾನೇ ಮಾಡಿಕೊಳ್ಳುವ ಪರೀಕ್ಷೆಗಳ ಪಟ್ಟಿ ಅದು: ಕನ್ವರ್ಟರ್, ಆಕ್ಸಿಜನ್ ಸೆನ್ಸರ್, ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಭಾಗ) ಹೀಗೆ. ದಿನಾ ಓಡುತ್ತಿರುವ ಗಾಡಿಯಲ್ಲಿ ಇವೆಲ್ಲ ಮುಗಿದಿರುತ್ತವೆ. ಕೋಡ್ ಅಳಿಸಿದ ತಕ್ಷಣ ಎಲ್ಲ ವಾಪಸ್ ಮೊದಲಿಗೆ ಬರುತ್ತವೆ, ಮತ್ತೆ ಮುಗಿಯಲು ಕೆಲವು ದಿನದ ಓಡಾಟ ಬೇಕು. "ಡೈಲಿ ಯೂಸ್ ಗಾಡಿ ಸರ್" ಅಂತ ಹೇಳುತ್ತಿದ್ದಾರೆ, ರೆಡಿನೆಸ್ ಪುಟದಲ್ಲಿ ಅರ್ಧಕ್ಕರ್ಧ ಮುಗಿದಿಲ್ಲ ಅಂತ ಬರುತ್ತಿದೆ ಅಂದರೆ, ಅಡ್ವಾನ್ಸ್ ಕೊಡಬೇಡಿ. ನಿಜವಾಗಿ ಬ್ಯಾಟರಿ ಬದಲಿಸಿರಲೂಬಹುದು, ಬಿಲ್ ತೋರಿಸಿ ಅನ್ನಿ. ಒಂದು ವಾರ ಓಡಿಸಿ ಇಡಿ, ಮತ್ತೆ ಬಂದು ನೋಡ್ತೀವಿ ಅನ್ನಿ. ಗಾಡಿ ಸರಿ ಇದ್ದವರು ಒಪ್ಪುತ್ತಾರೆ.

ನಮ್ಮ ಕಡೆ ಮಾಮೂಲಾಗಿ ಸಿಗುವ ಕಾರಣಗಳು ಕೆಲವು ಇವೆ. ಇಲಿ ವೈರ್ ಕಡಿಯೋದು ಬಹಳ. ತಿಂಗಳುಗಟ್ಟಲೆ ಯಾರ್ಡಿನಲ್ಲಿ ನಿಂತ ಗಾಡಿಗಳಲ್ಲಂತೂ ಮೊದಲು ಬಾನೆಟ್ ಎತ್ತಿ ಇಲಿ ಹಿಕ್ಕೆ ಇದೆಯಾ ನೋಡುತ್ತೇನೆ. ಧೂಳಿಗೆ ಏರ್ ಫಿಲ್ಟರ್ ಕಟ್ಟಿಕೊಂಡಿರುತ್ತದೆ. ಹೊರಗಡೆ ಹಾಕಿಸಿದ ಸಿಎನ್‌ಜಿ ಕಿಟ್ ಸರಿಯಾಗಿ ಟ್ಯೂನ್ ಆಗಿರುವುದಿಲ್ಲ. ನಿಂತ ಗಾಡಿಯ ಬ್ಯಾಟರಿ ಸೊರಗಿರುತ್ತದೆ, ಅದರಿಂದ ಎಬಿಎಸ್, ಸ್ಟೀರಿಂಗ್, ಎಂಜಿನ್ ಮೂರ್ನಾಲ್ಕು ಲೈಟು ಒಟ್ಟಿಗೇ ಬಂದು ಜನ ಹೆದರಿಬಿಡುತ್ತಾರೆ. ಹಾಗೆ ಒಟ್ಟಿಗೆ ಬಂದರೆ ಮೊದಲು ವೋಲ್ಟ್ ನೋಡಿಸಿ. ಎಂಜಿನ್ ಆಫ್ ಇದ್ದಾಗ 12.6ರ ಹತ್ತಿರ, ಓಡುವಾಗ 14ರ ಆಸುಪಾಸು ಇರಬೇಕು.

ನೀರಿಗೆ ಸಿಕ್ಕ ಗಾಡಿಯ ಬಗ್ಗೆ ಎರಡು ಮಾತು ಹೇಳಲೇಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆ ಕಡೆ ನೆಲಮಾಳಿಗೆಗಳೇ ಮುಳುಗಿದ್ದು ನೆನಪಿದೆ ಅಲ್ವಾ? 2023ರ ಡಿಸೆಂಬರಿನಲ್ಲಿ ಚೆನ್ನೈ. ಅಂಥ ಗಾಡಿಗಳು ತೊಳೆದು ಒಣಗಿಸಿದ ಮೇಲೆ ನೋಡಲು ಚೆನ್ನಾಗೇ ಇರುತ್ತವೆ. ಆದರೆ ಕನೆಕ್ಟರ್ ಒಳಗೆ ಹಸಿರು ಕಿಲುಬು ಹಿಡಿಯುತ್ತಾ ಹೋಗುತ್ತದೆ. ಇವತ್ತು ಒಂದು ಲೈಟು, ನಾಳೆ ಇನ್ನೊಂದು, ನಾಡಿದ್ದು ಯಾವುದೂ ಇಲ್ಲ. ಹೀಗೆ ಸಂಬಂಧವೇ ಇಲ್ಲದ ಲೈಟುಗಳು ಬಂದು ಹೋಗುತ್ತಿದ್ದರೆ ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿ. ಒಳಗೆ ಸುತ್ತಿಕೊಂಡಿರುವ ಭಾಗವನ್ನು ತೊಳೆಯುವುದು ಅವರಿಗೆ ನೆನಪಾಗಿರುವುದಿಲ್ಲ, ಕೆಸರಿನ ಗೆರೆ ಅಲ್ಲೇ ಉಳಿದಿರುತ್ತದೆ. ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕನ್ನೂ ನೋಡಿ.

ಬಿಎಸ್-6 ಡೀಸೆಲ್ ತಗೊಂಡವರಿಗೆ ಡಿಪಿಎಫ್ ಲೈಟು. ಇದು ಹೊಗೆಯ ಮಸಿ ಹಿಡಿಯುವ ಫಿಲ್ಟರ್. ಊರೊಳಗೇ ಮನೆ, ಶಾಲೆ, ಅಂಗಡಿ ಅಂತ ಓಡಿಸಿದರೆ ಕಟ್ಟಿಕೊಳ್ಳುತ್ತದೆ, ಯಾಕೆಂದರೆ ಆ ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಬಿಸಿ ಬೇಕು. ಬರೀ ಆ ಲೈಟು ಮಾತ್ರ ಬಂದಿದ್ದರೆ ನಮ್ಮ ರಿಂಗ್ ರೋಡಿನಲ್ಲಿ ಇಪ್ಪತ್ತು ನಿಮಿಷ ಒಂದೇ ಸಮನೆ ಓಡಿಸಿ, ಮಧ್ಯೆ ಆಫ್ ಮಾಡಬೇಡಿ, ಬಹಳ ಸಲ ಅಲ್ಲಿಗೇ ಸರಿಹೋಗುತ್ತದೆ. ಜೊತೆಗೆ ಎಂಜಿನ್ ಲೈಟೂ ಬಂದು ಪಿಕಪ್ ಬಿದ್ದುಹೋಗಿದ್ದರೆ ಓಡಿಸಬೇಡಿ, ವರ್ಕ್‌ಶಾಪಿಗೆ ತನ್ನಿ. ಒಂದು ಮಾತು ಹೇಳಲಾ? ದಿನಕ್ಕೆ ಐದಾರು ಕಿಲೋಮೀಟರ್ ಓಡಿಸುವವರು ಡೀಸೆಲ್ ತಗೊಳ್ಳಲೇಬೇಡಿ.

ಕಾಗದದ ವಿಷಯ. ಗಾಡಿ ಕೈಗೆ ತಗೊಳ್ಳುವಾಗ ಕೀ ಆನ್ ಮಾಡಿ, ಕಿಲೋಮೀಟರ್ ಮತ್ತು ಲೈಟುಗಳೆಲ್ಲ ಕಾಣುವ ಹಾಗೆ ಒಂದು ವಿಡಿಯೋ ಮಾಡಿ, ಮಾರಿದವರು ಪಕ್ಕದಲ್ಲೇ ಇರುವಾಗ ಮಾಡಿ. ಡೆಲಿವರಿ ನೋಟಿನಲ್ಲಿ ದಿನಾಂಕ, ಸಮಯ, ಕಿಲೋಮೀಟರ್ ಜೊತೆಗೆ "ಯಾವ ವಾರ್ನಿಂಗ್ ಲೈಟೂ ಇಲ್ಲ" ಅಂತ ಒಂದು ಸಾಲು ಬರೆಸಿ. ಗಾಡಿಯನ್ನು ನಿಮ್ಮ ಹೆಸರಿಗೆ ವರ್ಗಾಯಿಸುವ ಫಾರಂ 29, 30ಕ್ಕೆ ಸಹಿ ಹಾಕಿಸಿ ಡ್ರಾಯರಿನಲ್ಲಿ ಇಟ್ಟುಕೊಳ್ಳಬೇಡಿ, ಕೊಂಡವರು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು ಅಂತ ಕಾನೂನಿದೆ. ಎಮಿಷನ್ ಸರ್ಟಿಫಿಕೇಟ್ ಇದೆ, ಹಾಗಾಗಿ ಎಂಜಿನ್ ಸರಿ ಇದೆ ಅನ್ನೋ ಮಾತನ್ನು ನಂಬಬೇಡಿ. ಅಲ್ಲಿ ಹೊಗೆ ಅಳೆಯುತ್ತಾರೆ, ಎಂಜಿನ್ ಕೋಡ್ ಓದುವುದಿಲ್ಲ.

ಡೀಲರ್ ಹತ್ತಿರ ತಗೊಳ್ಳುತ್ತಿದ್ದರೆ, 2023ರ ಏಪ್ರಿಲ್‌ನಿಂದ ಹಳೇ ಗಾಡಿ ವ್ಯಾಪಾರಿಗಳಿಗೆ ಆರ್‌ಟಿಓ ಕೊಡುವ ಅಧಿಕೃತ ಪ್ರಮಾಣಪತ್ರದ ನಿಯಮ ಬಂದಿದೆ, ಅದನ್ನು ಕೇಳಿ. ವ್ಯಾಪಾರಿಯಿಂದ ಕೊಂಡಾಗ ನೀವು ಗ್ರಾಹಕರು. ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಅರ್ಜಿಗೆ ಶುಲ್ಕವೂ ಇಲ್ಲ. ಪರಿಚಯದವರ ಹತ್ತಿರ, ಪಕ್ಕದ ಮನೆಯವರ ಹತ್ತಿರ ಕೊಂಡರೆ ಈ ದಾರಿ ಇಲ್ಲ, ಬರೆಸಿಕೊಂಡ ಕಾಗದವೇ ಗತಿ. ಅದಕ್ಕೇ ಸಂಕೋಚ ಬಿಟ್ಟು ಬರೆಸಿ.

ಇನ್ನು ಪ್ರಶ್ನೆಗಳು.

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ: "ಅಂಕಲ್, ಪೆಟ್ರೋಲ್ ಮುಚ್ಚಳ ಗಟ್ಟಿಯಾಗಿ ಹಾಕಿದ್ರೆ ಲೈಟ್ ಹೋಗುತ್ತೆ ಅಂತ ವಿಡಿಯೋದಲ್ಲಿ ಹೇಳ್ತಾರಲ್ಲ?" ಅದು ಅಮೆರಿಕದ ಗಾಡಿಗಳ ಮಾತಪ್ಪ. ಅಲ್ಲಿ ಟ್ಯಾಂಕಿನಿಂದ ಆವಿ ಸೋರುತ್ತದಾ ಅಂತ ಗಾಡಿಯೇ ಪರೀಕ್ಷೆ ಮಾಡಬೇಕು ಅನ್ನೋ ನಿಯಮ ಇದೆ. ನಮ್ಮ ನಿಯಮ ಯೂರೋಪಿನ ದಾರಿಯಲ್ಲಿ ಬಂದದ್ದು, ಇಲ್ಲಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಆ ಪರೀಕ್ಷೆ ಇರುವುದಿಲ್ಲ. ಮುಚ್ಚಳ ಗಟ್ಟಿಯಾಗಿ ಹಾಕು, ಆದರೆ ಅದನ್ನೇ ನಂಬಿ ವಾರ ಕಳೆಯಬೇಡ.

ಒಬ್ಬರು ಅಕ್ಕ ಕೇಳಿದರು: "ಸೀಟು ಮುಂದೆ ಹಿಂದೆ ಮಾಡಿದಾಗ ಏರ್‌ಬ್ಯಾಗ್ ಲೈಟ್ ಬರುತ್ತೆ, ಎಲೆಕ್ಟ್ರಿಷಿಯನ್ ಹತ್ರ ತೋರಿಸ್ಲಾ?" ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಇರುತ್ತದೆ ಅಕ್ಕ, ಅದು ಸಡಿಲವಾಗಿರಬಹುದು. ಆದರೆ ಹಳದಿ ಕನೆಕ್ಟರಿಗೆ ಟೆಸ್ಟ್ ಲ್ಯಾಂಪ್ ಚುಚ್ಚಲು ಯಾರಿಗೂ ಬಿಡಬೇಡಿ, ಏರ್‌ಬ್ಯಾಗ್ ಸಿಡಿಯುವ ಅಪಾಯ ಇದೆ. ಆ ಕೆಲಸ ಗೊತ್ತಿರುವ ವರ್ಕ್‌ಶಾಪಿನಲ್ಲೇ, ಕೋಡ್ ಬರೆದುಕೊಂಡು, ಬ್ಯಾಟರಿ ಬಿಚ್ಚಿ ಮಾಡಿಸಿ. ಹಾಗೇ ಸೀಟ್ ಬೆಲ್ಟಿನ ಬುಡದಲ್ಲಿ ಹೊಲಿದಿರುವ ಚೀಟಿ ನೋಡಿ, ತಯಾರಾದ ದಿನಾಂಕ ಇರುತ್ತದೆ. ಗಾಡಿಗಿಂತ ಬೆಲ್ಟ್ ಎರಡು ವರ್ಷ ಹೊಸದಾಗಿದ್ದರೆ ಯಾಕೆ ಬದಲಿಸಿದರು ಅಂತ ಕೇಳಿ. ಅಪಘಾತವಾಗಿ ಏರ್‌ಬ್ಯಾಗ್ ಬಿಚ್ಚಿಕೊಂಡ ಗಾಡಿಗಳಲ್ಲಿ ಬೆಲ್ಟನ್ನೂ ಬದಲಿಸಿರುತ್ತಾರೆ.

ಕೊನೆಯದು, ನಿವೃತ್ತರಾದ ಹಿರಿಯರೊಬ್ಬರದು: "ಅವರೇ ರಿಪೇರಿ ಮಾಡಿಸಿ ಕೊಟ್ಟಿದ್ದಾರೆ, ಲೈಟ್ ಹೋಗಿದೆ, ಬಾಕಿ ದುಡ್ಡು ಕೊಡಬಹುದಾ?" ಇವತ್ತೇ ಬೇಡ ಸರ್. ಏನು ಬದಲಿಸಿದರು ಅನ್ನೋ ಬಿಲ್ ಇಸ್ಕೊಳ್ಳಿ. ಒಂದು ವಾರ ಮಾಮೂಲಾಗಿ ಓಡಿಸಿ, ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಓಡಾಟವೂ ಇರಲಿ, ಹೈವೇ ಮೇಲಿನದೂ ಇರಲಿ. ಆಮೇಲೆ ಸ್ಕ್ಯಾನರ್ ಹಾಕಿಸಿ. ರೆಡಿನೆಸ್ ಎಲ್ಲ ಮುಗಿದಿರಬೇಕು, ಪೆಂಡಿಂಗ್ ಅಂತ ಒಂದು ಕೋಡೂ ಇರಬಾರದು. ಒಮ್ಮೆ ಕಂಡು ಇನ್ನೂ ಲೈಟು ಹತ್ತಿಸದ ತೊಂದರೆಗಳು ಆ ಪಟ್ಟಿಯಲ್ಲೇ ಕೂತಿರುತ್ತವೆ. ಎರಡೂ ಸರಿ ಇದ್ದರೆ ಬಾಕಿ ಕೊಟ್ಟು ರಸೀದಿ ತಗೊಳ್ಳಿ.